ನಮ್ಮ ಮಾವನ ದಡದಡ ನೆಲ

ನಮ್ಮ ಸೋದರಮಾವನಿಗೆ ಮದುವೆಯಾಗದೆ ಉಳಿದದ್ದಕ್ಕೆ ಒಂದೇ ಕಾರಣ. ಹೆಣ್ಣನ್ನು ಎರಡು ಕೈಯಲ್ಲಿ ಎತ್ತಿ, ಅಲ್ಲಾಡಿಸಿ, ಕಿವಿಯ ಹತ್ತಿರ ಹಿಡಿದು ನೋಡಲು ಯಾವ ಹೆಣ್ಣಿನ ಮನೆಯವರೂ ಒಪ್ಪಲಿಲ್ಲ! ಇದು ನಾನು ಕಟ್ಟಿದ ಮಾತಲ್ಲ. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅವರ ಎದುರಿಗೇ ಹೇಳಿ ನಗುತ್ತಾರೆ, ಅವರೂ ಜೊತೆಗೆ ನಗುತ್ತಾರೆ. ನಾನು ಮಾತ್ರ ಒಂದು ವರ್ಷ ನಗಲಿಲ್ಲ. ಯಾಕೆ ಎಂದು ಹೇಳುವುದಕ್ಕೇ ಈಗ ಕೂತಿದ್ದೇನೆ.

ಅವರ ಕೆಲಸ ಕಾಯಿ ನೋಡುವುದು. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಅದರ ಪಾಡಿಗೆ ಬಿಟ್ಟುಬಿಡುತ್ತಾರೆ. ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಬೇಕು. ಆಗಿದೆಯೋ ಇಲ್ಲವೋ ಎಂದು ಎಲ್ಲವನ್ನೂ ಒಡೆದು ನೋಡುವುದಕ್ಕಾಗುತ್ತದೆಯೇ? ಅದಕ್ಕೇ ಕಣಕಟ್ಟೆ, ಗಂಡಸಿ ಕಡೆಯವರು ನಮ್ಮ ಮಾವನನ್ನು ಕರೆಸುತ್ತಾರೆ. ಇವರು ಅಟ್ಟ ಹತ್ತಿ ಒಂದು ಕಾಯಿ ತೆಗೆದು, ಕಿವಿಯ ಹತ್ತಿರ ಎರಡು ಸಲ ಅಲ್ಲಾಡಿಸಿ, “ಇನ್ನೊಂದು ತಿಂಗಳು ಮಲಗಿರ್ಲಿ” ಅಂದರೆ ಮುಗಿಯಿತು, ಮನೆಯ ಯಜಮಾನ ಏಣಿ ಇಳಿಯುತ್ತಾನೆ.

ಈ ಕಸುಬು ಕಾಯಿಗೇ ನಿಂತಿದ್ದರೆ ನನ್ನ ತಕರಾರಿರಲಿಲ್ಲ. ಕಲ್ಲಂಗಡಿ, ಕುಕ್ಕರು, ಗೋಡೆ, ಹೊಸ ಮಂಚದ ಕಾಲು, ಎಲ್ಲವನ್ನೂ ಬಡಿದು ಕೇಳುವ ಮನುಷ್ಯ! ನನಗೆ ಮೇಷ್ಟ್ರ ಕೆಲಸ ಸಿಕ್ಕಿದಾಗ ಆದೇಶದ ಪತ್ರವನ್ನೂ ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ಚಿಮ್ಮಿ ನೋಡಿದರು. “ಗವರ್ಮೆಂಟಿಂದೇ ಕಣವ್ವ, ಗಟ್ಟಿ ಐತೆ” ಎಂದು ಸರ್ಟಿಫಿಕೇಟು ಕೊಟ್ಟರು. ಇತ್ತೀಚೆಗೆ ಎರಡು ಮೂರು ವರ್ಷದಿಂದ ಒಂದು ಹೊಸ ಶೋಕಿ ಶುರುವಾಗಿತ್ತು. ಕಾಯಿಯನ್ನು ಕಿವಿಯ ಹತ್ತಿರ ಹಿಡಿಯುವುದು ಬಿಟ್ಟು ದವಡೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಅಲ್ಲಾಡಿಸತೊಡಗಿದರು. ಮಂಡಿಯವರು ಬೆರಗಾಗಿ “ಈಗ ಅವ್ರಿಗೆ ಕಿವಿನೇ ಬೇಡ ಕಣ್ಲಾ!” ಎಂದು ಮಾತಾಡಿಕೊಂಡರು. ವಯಸ್ಸಾದಂತೆ ಜಂಬವೂ ಜಾಸ್ತಿಯಾಗುತ್ತದೆ ಎಂದು ನಾನು ಅಂದುಕೊಂಡೆ.

ನಮ್ಮ ಮನೆಯಲ್ಲಿ ಇರುವುದು ಮೂರೇ ಜನ. ಅಮ್ಮ, ಅಮ್ಮನ ಈ ತಮ್ಮ, ಮತ್ತು ನಾನು. ನಾನು ಬೆಳಿಗ್ಗೆ ಗಂಡಸಿಯ ಬಸ್ಸು ಹಿಡಿದು ಸ್ಕೂಲಿಗೆ ಹೋದರೆ ಬರುವುದು ಸಂಜೆಗೆ. ಅಲ್ಲಿಯವರೆಗೆ ಅಮ್ಮನಿಗೆ ಮಾವ ಕಾವಲು. ಎಂಥ ಕಾವಲು ಎಂದು ಕಳೆದ ವರ್ಷ ಗೊತ್ತಾಯಿತು.

ಆ ದಿನ ನಾನು ಹೊರಟ ಸ್ವಲ್ಪ ಹೊತ್ತಿಗೇ ಅಮ್ಮ ತನ್ನ ಕೋಣೆಯ ಹೊಸ್ತಿಲು ಎಡವಿ, ನಮ್ಮ ಹಳೆಯ ಗಾರೆ ನೆಲದ ಮೇಲೆ ಜಾರಿ ಬಿದ್ದಳು. ಸೊಂಟದ ಮೂಳೆ ಬಿರುಕು ಬಿಟ್ಟಿತು. ಏಳಲಾಗದೆ ಆ ತಣ್ಣನೆಯ ನೆಲದ ಮೇಲೆ ಎರಡು ಗಂಟೆ ಬಿದ್ದಿದ್ದಳು. ಎದುರು ಮನೆಯಾಕೆ ಹೆಪ್ಪಿಗೆ ಮೊಸರು ಕೇಳಿಕೊಂಡು ಎಂದಿನಂತೆ ಹಿತ್ತಲ ಬಾಗಿಲಿಂದ ಬರದಿದ್ದರೆ ಇನ್ನೆಷ್ಟು ಹೊತ್ತೋ! ಮಾವನನ್ನು ಕೇಳಿದರೆ, “ನಾನು ಮಂಡಿಗೋಗಿದ್ದೆ ಕಣವ್ವ, ಆಗ ತಾನೇ ಬಂದೆ” ಅಂದರು. ಸರಿ ಎಂದುಕೊಂಡೆ. ಎಂಟು ದಿನ ಕಳೆದ ಮೇಲೆ ಎದುರು ಮನೆಯಾಕೆ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿಕೊಂಡು, ದನಿ ತಗ್ಗಿಸಿ ಹೇಳಿದಳು: “ನಾನು ಬೆಳಿಗ್ಗೆಯಿಂದ ಹಪ್ಪಳ ಒಣಗಿಸ್ತಾ ಈಚೇಲೇ ಕುಂತಿದ್ದೆ ಕಣಮ್ಮ. ನಿಮ್ಮ ಮಾವನ ಚಪ್ಪಲಿ ಬಾಗಿಲಲ್ಲೇ ಇದ್ವು. ಅವ್ರು ಎಲ್ಗೂ ಹೋಗ್ಲೇ ಇಲ್ಲ.”

ಅಂದರೆ ಮನೆಯಲ್ಲೇ ಇದ್ದರು! ಪಡಸಾಲೆಯ ಮಂಚದ ಮೇಲೆ ಕೂತು ಪೇಪರು ಓದುತ್ತಿದ್ದಿರಬೇಕು. ಹತ್ತು ಹೆಜ್ಜೆ ಆಚೆ ಒಡಹುಟ್ಟಿದವಳು ಕೂಗುತ್ತಾ ಬಿದ್ದಿದ್ದರೂ ಏಳಲಿಲ್ಲ. ಸಾಲದ್ದಕ್ಕೆ ಸುಳ್ಳು ಬೇರೆ. ಇದನ್ನು ನಾನು ಅವರ ಮುಖಕ್ಕೆ ಹೇಳಿ ಜಗಳ ಆಡಿದ್ದರೆ ಎಷ್ಟೋ ವಾಸಿಯಾಗಿತ್ತು. ಆಡಲಿಲ್ಲ. ಬದಲಿಗೆ ಒಳಗೆ ಇಟ್ಟುಕೊಂಡು ಹುಳಿ ಬರಿಸಿದೆ. ಅಡುಗೆಮನೆಯಿಂದ, ಬಚ್ಚಲಿಂದ, ಅವರ ಬೆನ್ನ ಹಿಂದೆ ನಿಂತು, ದಿನಕ್ಕೊಂದು ಮಾತು ಬಿಸಾಕುತ್ತಿದ್ದೆ. “ತಿನ್ನೋಕೆ ಮಾತ್ರ ಟೈಮಿಗೆ ಸರಿಯಾಗಿ ಏಳ್ತಾರೆ”, “ಕಾವಲಿಗೆ ನಾಯಿ ಸಾಕಿದ್ರೆ ಬೊಗಳಾದ್ರೂ ಬೊಗಳ್ತಿತ್ತು.” ಅವರು ತುಟಿಪಿಟಕ್ಕೆನ್ನುತ್ತಿರಲಿಲ್ಲ. ತಪ್ಪು ಮಾಡಿದವರ ಮೌನ ಅದು ಎಂದು ನನಗೆ ಇನ್ನಷ್ಟು ಉರಿಯುತ್ತಿತ್ತು. ಅಮ್ಮನೂ ಅಷ್ಟೇ, ತಮ್ಮನ ಮೇಲೆ ಒಂದು ಮಾತು ಆಡಲಿಲ್ಲ.

ಅಮ್ಮ ವಾಕರ್ ಹಿಡಿದು ಓಡಾಡುವ ಹೊತ್ತಿಗೆ ಡಾಕ್ಟರು ಎಚ್ಚರಿಸಿದರು. ನೆಲ ಜಾರಬಾರದು, ತಣ್ಣಗಿರಬಾರದು, ಇನ್ನೊಂದು ಸಲ ಬಿದ್ದರೆ ಮತ್ತೆ ಏಳಿಸುವುದು ಕಷ್ಟ. ನನ್ನ ಕೈಯಲ್ಲಿ ಒಂದು ಚೀಟಿಯ ದುಡ್ಡಿತ್ತು, ಅಷ್ಟೇ. ಅಷ್ಟರಲ್ಲಿ ಹಳೆ ನೆಲ ಅಗೆಸಿ ಬೇರೆ ನೆಲ ಹಾಕಿಸುವ ಮಾತೇ ಇಲ್ಲ. ಸ್ಟೇಷನ್ ಕಡೆಯ ಅಂಗಡಿಯವನು ಎರಡು ದಾರಿ ತೋರಿಸಿದ. ಒಂದು ವಿನೈಲ್. ಚಾಪೆಯಂತೆ ಸುರುಳಿ ಬಿಚ್ಚಿ ಹಳೆ ನೆಲಕ್ಕೆ ಅಂಟಿಸುವುದು. ಮೆತ್ತಗಿರುತ್ತದೆ, ನೀರಿಗೆ ಜಗ್ಗುವುದಿಲ್ಲ, ಅಗ್ಗ. ಇನ್ನೊಂದು ಲ್ಯಾಮಿನೇಟ್. ಮರದ ಪುಡಿ ಒತ್ತಿ ಮಾಡಿದ ಹಲಗೆಗಳನ್ನು ಒಂದಕ್ಕೊಂದು ಸಿಕ್ಕಿಸಿ ನೆಲದ ಮೇಲೆ ಸುಮ್ಮನೆ ಹಾಸುವುದು. ನೋಡಲು ಚೆಂದ, ಆದರೆ ನೀರು ನಿಂತರೆ ಉಬ್ಬುತ್ತದೆ, ನಡೆದರೆ ದಡದಡ ಎನ್ನುತ್ತದೆ, ಬೆಲೆಯೂ ಹೆಚ್ಚುಕಮ್ಮಿ ಎರಡರಷ್ಟು. ಕೈ ನಡುಗುವ ಅಮ್ಮ ದಿನಕ್ಕೆ ಮೂರು ಲೋಟ ನೀರು ಚೆಲ್ಲುವ ಮನೆಗೆ ಯಾವುದು ಸರಿ? ಒಂದನೇ ಕ್ಲಾಸಿನ ಮಗುವೂ ಹೇಳುತ್ತದೆ! ನಾನು ವಿನೈಲ್‌ಗೆ ಅಡ್ವಾನ್ಸ್ ಕೊಡಲು ಪರ್ಸು ತೆಗೆದೆ. ಮಾವ ನನ್ನ ಕೈ ಹಿಡಿದುಕೊಂಡರು.

“ತಡಿಯವ್ವ. ನೋಡ್ಬೇಕು.”

ನೋಡಿದರು. ನಾಲ್ಕು ತಿಂಗಳು ನೋಡಿದರು!

ಮೊದಲು ಹಳೇಬೀಡಿನಲ್ಲಿ. ನಮ್ಮ ನೆಂಟರೊಬ್ಬರು ಹೊಸ ಮನೆಗೆ ವಿನೈಲ್ ಹಾಕಿಸಿ ಗೃಹಪ್ರವೇಶಕ್ಕೆ ಕರೆದಿದ್ದರು. ಲೋಕವೆಲ್ಲ ಕಲ್ಲು ನೋಡಲು ಬರುವ ಊರಿಗೆ ನಮ್ಮ ಮಾವ ಪ್ಲಾಸ್ಟಿಕ್ ನೋಡಲು ಬಂದರು. ಸತ್ಯನಾರಾಯಣ ಪೂಜೆ ನಡೆಯುತ್ತಿರುವಾಗ, ಹಾಲ್‌ನ ಒಂದು ಮೂಲೆಯಲ್ಲಿ, ಬೋರಲು ಮಲಗಿ, ನೆಲಕ್ಕೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿದರು. ಹೆಂಗಸರು ಕಿರುಚಿದರು. ಯಾರೋ ತೀರ್ಥದ ನೀರನ್ನೇ ಮುಖಕ್ಕೆ ಚಿಮುಕಿಸಿದರು. ಇನ್ಯಾರೋ ಎದೆ ಒತ್ತಲು ಬಂದರು. ಮಾವ ನಿಧಾನವಾಗಿ ಎದ್ದು, ಪಂಚೆ ಕೊಡವಿಕೊಂಡು, ಮನೆಯ ಯಜಮಾನನ ಕಡೆ ತಿರುಗಿ, ಮಂಡಿಯಲ್ಲಿ ಹರಾಜು ಕೂಗುವ ದನಿಯಲ್ಲಿ ಹೇಳಿದರು: “ನೆಲ ಸತ್ತೋಗೈತೆ ಕಣಯ್ಯ!”

ಗೃಹಪ್ರವೇಶದ ದಿನ! ಆ ಮನೆಯವರು ಈಗಲೂ ನಮ್ಮೊಂದಿಗೆ ಮಾತಾಡುವುದಿಲ್ಲ.

ಅಲ್ಲಿಂದ ಬರುವ ಬದಲು ಬೇಲೂರಿಗೆ ಹೋಗೋಣ ಅಂದರು. ಅಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿಗೆ ಲ್ಯಾಮಿನೇಟ್ ಹಾಕಿಸಿದ್ದಾರೆಂದು ಮಂಡಿಯಲ್ಲಿ ಯಾರೋ ಹೇಳಿದ್ದರಂತೆ. ಚಪ್ಪಲಿ ಕೆಳಗೆ ಬಿಟ್ಟು ಹತ್ತಿದರು. ಕುರ್ಚಿಯ ಮೇಲೆ ಕೂತು, ಎರಡು ಪಾದ ನೆಲಕ್ಕೆ ಊರಿ, ಕಣ್ಣು ಮುಚ್ಚಿದರು. ಒಂದು ಗಂಟೆ! ಅಂಗಡಿಯ ಹುಡುಗಿ ನನಗೋಸ್ಕರ ಇಪ್ಪತ್ತು ಸೀರೆ ಬಿಚ್ಚಿ ಗುಡ್ಡೆ ಹಾಕಿದಳು. ಕೊನೆಗೆ ತಾಳ್ಮೆಗೆಟ್ಟು ಅವರ ಭುಜ ಮುಟ್ಟಿ, ಮುಖದೆದುರು ಬಗ್ಗಿ ಕೇಳಿದಳು.

“ಸಾರ್, ಸೀರೆ ನೋಡಲ್ವಾ? ಏನ್ ಮಾಡ್ತಿದೀರಾ?”

“ನನ್ನ ಹಿಂದೆ ಒಬ್ರು ಹೆಂಗಸ್ರು ಓಡಾಡ್ತಾವ್ರೆ. ಬಲಗಾಲು ಎಳ್ದು ಹಾಕ್ತಾರೆ. ಡಾಕ್ಟ್ರಿಗೆ ತೋರ್ಸಿ ಅಂತ ಹೇಳವ್ವ, ಮಂಡಿ ಸವ್ದೈತೆ.”

ಹಿಂದೆ ಓಡಾಡುತ್ತಿದ್ದದ್ದು ಅಂಗಡಿಯ ಯಜಮಾನಿ. ಮಾವ ಒಂದು ಸಲವೂ ತಿರುಗಿ ನೋಡಿರಲಿಲ್ಲ. ಆಕೆ ಬಲ ಮೊಣಕಾಲು ಹಿಡಿದುಕೊಂಡು ಅಲ್ಲೇ ಕುಸಿದು ಕೂತಳು. ನಾವು ಒಂದು ಟವೆಲ್ ಕೊಂಡು ತಲೆ ತಪ್ಪಿಸಿಕೊಂಡು ಇಳಿದೆವು. ವಾಪಸ್ ಬರುವ ಬಸ್ಸಿನಲ್ಲಿ ಮಾವನ ಮುಖದಲ್ಲಿ ಏನು ಕಳೆ! ನಾನು ಕಿಟಕಿಯ ಕಡೆ ತಿರುಗಿ, “ಯಾರೋ ಗೊತ್ತಿಲ್ಲದ ಹೆಂಗಸಿನ ಮೊಣಕಾಲು ತಿಳಿಯುತ್ತೆ, ಸ್ವಂತ ಅಕ್ಕ ಬಿದ್ದದ್ದು ತಿಳಿಯಲ್ಲ” ಅಂದೆ. ಅವರು ಹೊಸ ಟವೆಲ್ ಬಿಚ್ಚಿ ಅದರ ಅಂಚು ನೋಡುತ್ತಾ ಕೂತಿದ್ದರು.

ಇಷ್ಟಕ್ಕೇ ಮುಗಿಯಿತೆಂದುಕೊಂಡಿರಾ? ಒಂದು ಭಾನುವಾರ ಅಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಮಂಡಿಗೆ ಕರೆದುಕೊಂಡು ಹೋಗಿ, ಕೊಬ್ಬರಿ ಮೂಟೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದರು! ನಲವತ್ತೆರಡು ಕೆಜಿ. ಹಮಾಲಿಗಳೆಲ್ಲ ಸುತ್ತ ಸೇರಿದರು. ಒಬ್ಬ, “ಯಾವ ಅಟ್ಟದ್ದು ಯಜಮಾನ್ರೇ? ಚೆನ್ನಾಗ್ ಒಣಗೈತೆ” ಅಂದ. ಅಮ್ಮ ವಾಕರ್ ಹಿಡಿದು ನಿಂತಲ್ಲಿಂದಲೇ, “ಎಪ್ಪತ್ತು ವರ್ಷದಿಂದ ಅಟ್ಟದ ಮ್ಯಾಲೇ ಇವ್ನಿ ಕಣ್ಲಾ, ಒಣಗ್ದೆ ಇರ್ತೀನಾ?” ಎಂದು ಅವನ ಬಾಯಿ ಮುಚ್ಚಿಸಿದಳು.

ಸಂಜೆ ಮನೆಗೆ ಒಂದು ಮೂಟೆ ಬಂತು. ಗೋಣಿಚೀಲದೊಳಗೆ ಕಾಯಿ, ಸರಿಯಾಗಿ ನಲವತ್ತೆರಡು ಕೆಜಿ. ಅಂಗಡಿಯವನಿಂದ ಮದುವೆ ಮನೆಗೆ ಜಮಖಾನ ತಂದಂತೆ ವಿನೈಲ್ ತುಂಡನ್ನೂ ಹತ್ತು ಹದಿನೈದು ಲ್ಯಾಮಿನೇಟ್ ಹಲಗೆಗಳನ್ನೂ ಕೈಗಡ ತಂದಿದ್ದರು. ಎರಡನ್ನೂ ಪಡಸಾಲೆಯಲ್ಲಿ ಹಾಸಿ, ತಾವು ಒಂದು ತುದಿಯಲ್ಲಿ ಬರಿಗಾಲಲ್ಲಿ ಬೆನ್ನು ಮಾಡಿ ನಿಂತು, ಕಣ್ಣು ಮುಚ್ಚಿಕೊಂಡರು. ಹಮಾಲಿ ಇನ್ನೊಂದು ತುದಿಯಲ್ಲಿ ಮೂಟೆಯನ್ನು ಸೊಂಟದೆತ್ತರಕ್ಕೆ ಎತ್ತಿ ವಿನೈಲ್ ಮೇಲೆ ಹಾಕಿದ. ಧಪ್ ಎಂದಿತು. ಮಾವ ಹಾಗೇ ನಿಂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ತಿರುಗಿ ಕೇಳಿದರು.

“ಯಾಕ್ಲಾ, ಇನ್ನೂ ಹಾಕ್ಲಿಲ್ವಾ?”

“ಹಾಕಿ ಆಯ್ತಲ್ಲ ಯಜಮಾನ್ರೇ!”

ಹಮಾಲಿ ನನ್ನ ಮುಖ ನೋಡಿದ. ನಾನು ತಲೆ ಚಚ್ಚಿಕೊಂಡೆ. ಆಮೇಲೆ ಮಾವ ಹಲಗೆಗಳ ತುದಿಗೆ ಸರಿದು ಬೆನ್ನು ಮಾಡಿ ನಿಂತರು, ಅವನು ಇನ್ನೊಂದು ತುದಿಯಲ್ಲಿ ಹಾಕಿದ. ದಡಾರ್ ಎಂದಿತು. ಮಾವ ಕೆಂಡ ತುಳಿದವರಂತೆ ಜಿಗಿದು ತಿರುಗಿದರು. “ಇದು! ಇದು ಕಣ್ಲಾ! ಇದಕ್ಕೆ ಪ್ರಾಣ ಐತೆ!” ಅವರ ಕಣ್ಣಲ್ಲಿ ನೀರು ಬಂದಿತ್ತು. ನೆಲ ನೋಡಿ ಅಳುವ ಗಂಡಸನ್ನು ನೀವು ಕಂಡಿದ್ದೀರಾ? ನಾನು ಕಂಡೆ, ಕಂಡು ಕನಿಕರವನ್ನೂ ಪಡಲಿಲ್ಲ. ನಾಟಕ ಎಂದುಕೊಂಡು ಒಳಗೆ ಹೋದೆ.

ಲ್ಯಾಮಿನೇಟ್‌ಗೆ ನನ್ನ ಚೀಟಿ ದುಡ್ಡು ಸಾಲುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದೆ. ಮಾವ ಹಲ್ಲುಸೆಟ್ಟು ಕಟ್ಟಿಸಿಕೊಳ್ಳಲು ಇಟ್ಟುಕೊಂಡಿದ್ದ ದುಡ್ಡನ್ನು ತಂದು ನನ್ನ ಮುಂದಿಟ್ಟರು. “ಚಕ್ಲಿ ಕಾಫೀಲಿ ಅದ್ಕೊಂಡ್ ತಿಂತೀನಿ ಬಿಡವ್ವ.” ನೀರು ಚೆಲ್ಲಿದರೆ ಏನು ಗತಿ ಅಂದರೆ, “ನಾನಿಲ್ವಾ ಒರ್ಸೋಕೆ?” ಎಂದು ಹೆಗಲ ಮೇಲೊಂದು ಒಣಬಟ್ಟೆ ಹಾಕಿಕೊಂಡರು. ಅಮ್ಮನೂ ಒಳಗಿನಿಂದ “ಅವ್ನ ಇಷ್ಟದಂಗೇ ಆಗ್ಲಿ ಬಿಡೇ” ಎಂದು ತಮ್ಮನ ಪಕ್ಷ ವಹಿಸಿದಳು. ಬೀಳುವವಳೇ ಒಪ್ಪಿದ ಮೇಲೆ ನನ್ನದೇನು?

ಹಲಗೆ ಕೂರಿಸಲು ಬಂದವನಿಗೂ ಸಾಕುಸಾಕಾಯಿತು. ಹಲಗೆಯ ಕೆಳಗೆ ಹಾಸಲು ಅವನು ದಪ್ಪನೆಯ ಫೋಮ್ ತಂದಿದ್ದ. “ಇದನ್ನ ಹಾಕಿದ್ರೆ ನಡೆದಾಗ ಸದ್ದು ಬರಲ್ಲ ಸಾರ್” ಅಂದ. ಮಾವ ಅದನ್ನು ವಾಪಸ್ ಕಳಿಸಿ, ಕಾಗದದಷ್ಟು ತೆಳುವಾದದ್ದನ್ನು ತರಿಸಿದರು. ಜನ ಸದ್ದು ಬೇಡ ಎಂದು ದುಡ್ಡು ಕೊಟ್ಟರೆ ನಮ್ಮ ಮಾವ ಸದ್ದು ಬೇಕು ಎಂದು ದುಡ್ಡು ಕೊಟ್ಟರು! ಆಮೇಲೆ ಕೋಣೆಯ ಹೊಸ್ತಿಲು. ಅದನ್ನು ಕಿತ್ತು, ಅಮ್ಮನ ಮಂಚದ ಹತ್ತಿರದಿಂದ ಪಡಸಾಲೆಯ ತಮ್ಮ ಮಂಚದವರೆಗೆ ಹಲಗೆ ಎಲ್ಲೂ ತುಂಡಾಗದಂತೆ ಒಂದೇ ಹಾಸು ಬರಬೇಕೆಂದು ಹಟ ಹಿಡಿದರು. ಅಮ್ಮ ಬಾಯಿ ಬಡಿದುಕೊಂಡಳು.

“ಹೊಸ್ತಿಲು ಕೀಳ್ತಾರೇನ್ಲಾ ಯಾರಾದ್ರೂ? ಅರಿಶಿನ ಕುಂಕುಮ ಇಟ್ಟಿರೋ ಹೊಸ್ತಿಲು!”

“ಇದನ್ನ ಎಡವೇ ಅಲ್ವಾ ಅಕ್ಕಯ್ಯ ನೀನು ಬಿದ್ದಿದ್ದು? ಕುಂಕುಮ ಬೇಕಾದ್ರೆ ನನ್ನ ಹಣೆಗಿಡು.”

ಹೊಸ್ತಿಲಿಗೆ ಕೈ ಮುಗಿದು, ಹೂವು ಇಟ್ಟು, ಕಿತ್ತರು. ಅದು ಈಗಲೂ ಅವರ ಮಂಚದ ಕೆಳಗೆ ಬಟ್ಟೆ ಸುತ್ತಿಕೊಂಡು ಮಲಗಿದೆ.

ಹೀಗೆ ನಮ್ಮ ಮನೆಗೆ ದಡದಡ ನೆಲ ಬಂತು. ಬೆಕ್ಕು ಓಡಿದರೂ ಜಂಕ್ಷನ್ನಿಗೆ ಗಾಡಿ ಬಂದ ಹಾಗಾಗುತ್ತಿತ್ತು. ಅಮ್ಮನಂತೂ ಮೊದಲು ಪಾದ ಎಳೆದುಕೊಂಡು ನಡೆಯುತ್ತಿದ್ದವಳು ಈಗ ಹಿಮ್ಮಡಿ ಊರಿ ದಡ್ ದಡ್ ಎಂದು ನಡೆಯತೊಡಗಿದಳು. ಮಾವ ಒಂದು ಹೊಸ ಅಭ್ಯಾಸ ಮಾಡಿಕೊಂಡರು. ಮಂಚದ ಮೇಲೆ ಕಾಲು ಮಡಿಚಿ ಕೂರುವುದನ್ನು ಬಿಟ್ಟು, ಎರಡೂ ಪಾದಗಳನ್ನು ಸದಾ ನೆಲಕ್ಕೆ ಊರಿಕೊಂಡು ಕೂರುವುದು. “ನೆಲ ಓಡಿಹೋಗುತ್ತೆ ಅಂತ ತುಳ್ಕೊಂಡ್ ಕೂತಿದಾರೆ” ಎಂದು ಅದಕ್ಕೂ ಒಂದು ಮಾತು ಬಿಸಾಕಿದೆ.

ಒಂದು ಶನಿವಾರ, ಬೆಳಗಿನ ಸ್ಕೂಲು ಮುಗಿಸಿ ಮಧ್ಯಾಹ್ನಕ್ಕೇ ಬಂದೆ. ಜಗಲಿಯ ಮೇಲೆ ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತೆ. ಅಲ್ಲಿ ಹಳೆಯ ಗಾರೆ ನೆಲವೇ, ಹಲಗೆ ಒಳಗಿನಿಂದ ಶುರು. ಮಾವ ನನಗೆ ಬೆನ್ನು ಮಾಡಿ ಮಂಚದ ಮೇಲೆ ಕೂತು ಪೇಪರು ಓದುತ್ತಿದ್ದರು. ಕೈಯಲ್ಲಿ ಎರಡು ಚೀಲ ತರಕಾರಿ ಇತ್ತು.

“ಮಾವ, ಸ್ವಲ್ಪ ಚೀಲ ಹಿಡ್ಕೊಳ್ಳಿ.”

ಅಲ್ಲಾಡಲಿಲ್ಲ.

“ಮಾವ!”

ಪೇಪರಿನ ಹಾಳೆ ತಿರುಗಿಸಿದರು. ನನಗೆ ಮೈ ಉರಿಯಿತು. ಆ ದಿನ ಅಮ್ಮ ಬಿದ್ದಾಗಲೂ ಹೀಗೇ ಕೂತಿದ್ದಿರಬೇಕು ಎನ್ನಿಸಿ, ಬೀದಿಗೆಲ್ಲ ಕೇಳುವಂತೆ ಮೂರನೇ ಸಲ ಕೂಗಿದೆ. ಎದುರು ಮನೆಯಾಕೆ ಕಿಟಕಿಗೆ ಬಂದಳು. ಮಾವ ತಲೆ ಎತ್ತಲಿಲ್ಲ.

ಅಷ್ಟರಲ್ಲಿ ಒಳಗೆ ಕೋಣೆಯಲ್ಲಿ ಅಮ್ಮ ಮಂಚದಿಂದ ಕಾಲು ಕೆಳಗಿಟ್ಟಳು. ಒಂದೇ ಹೆಜ್ಜೆ. ಬಾಗಿಲಲ್ಲಿ ನಿಂತ ನನಗೆ ಕೇಳಿಸಿಯೂ ಕೇಳಿಸದಷ್ಟು. ಮಾವ ಪೇಪರು ಬಿಸುಟು ದಡಕ್ಕನೆ ಎದ್ದರು.

“ಅಕ್ಕಯ್ಯ, ತಡಿ, ಒಬ್ಳೇ ಏಳ್ಬೇಡ! ಬಂದೆ!”

ಚೀಲ ನನ್ನ ಕೈಯಿಂದ ಜಾರಿತು. ಬದನೆಕಾಯಿ ಉರುಳಿ ಹಲಗೆಯ ಮೇಲೆ ಹೋದವು. ಅವರು ಆಗ ತಿರುಗಿ ನನ್ನನ್ನು ಕಂಡರು. ನನ್ನ ಮುಖ ನೋಡಿದರು. ನನಗೆ ತಿಳಿದುಹೋಯಿತು ಎಂದು ಅವರಿಗೂ ತಿಳಿದುಹೋಯಿತು. ದವಡೆಗೆ ಒತ್ತಿದ ಕಾಯಿ, ಹಳೇಬೀಡಿನ ನೆಲಕ್ಕೆ ಒತ್ತಿದ ಕೆನ್ನೆ, ಅಮ್ಮನ ತೂಕದ ಆ ಮೂಟೆ. ಕಿವಿ ಹೋಗಿ, ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದ ಮನುಷ್ಯ, ತನ್ನ ಅಕ್ಕ ಬಿದ್ದರೆ ಪಾದಕ್ಕೆ ತಿಳಿಸುವ ನೆಲವನ್ನು ಹುಡುಕಿಕೊಂಡು ನಾಲ್ಕು ತಿಂಗಳು ಊರೂರು ತಿರುಗಿದ್ದ. ನಾನು ಕ್ಲಾಸಿನಲ್ಲಿ ಮಕ್ಕಳಿಗೆ ಬುದ್ಧಿ ಹೇಳುವವಳು!

ಮಾವ ಅಮ್ಮನನ್ನು ಕೋಣೆಯ ಕುರ್ಚಿಗೆ ಕೂರಿಸಿ ಬಂದ ಮೇಲೆ ನಾನು ಅವರ ಎದುರಿಗೆ ಕೂತು, ನಿಧಾನವಾಗಿ ಬಾಯಿ ಬಿಟ್ಟು ಕೇಳಿದೆ: “ಯಾಕ್ ಹೇಳ್ಲಿಲ್ಲ ಮಾವ?”

“ಕಾಯಿ ನೋಡೋನಿಗೆ ಕಿವಿ ಹೋಗೈತೆ ಅಂದ್ರೆ ಯಾರವ್ವ ಅಟ್ಟ ಹತ್ತಿಸ್ತಾರೆ?” ಅಂದರು. ಹೆಗಲ ಮೇಲಿನ ಬಟ್ಟೆಯನ್ನು ತೆಗೆದು ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿದರು. “ಅವತ್ತು ನಾನು ಮಂಡಿಗೋಗಿರ್ಲಿಲ್ಲ ಕಣವ್ವ. ಇಲ್ಲೇ ಕುಂತಿದ್ದೆ. ಅಕ್ಕಯ್ಯ ಎಷ್ಟು ಸಲ ಕೂಗಿದ್ಲೋ.”

ನಾನು ಒಂದೇ ಒಂದು ಸಮಾಧಾನ ಹುಡುಕಿಕೊಂಡೆ. “ಹಾಗಾದ್ರೆ ನಾನು ಒಂದು ವರ್ಷದಿಂದ ಅಂದಿದ್ದೂ ನಿಮಗೆ ಕೇಳ್ಸಿಲ್ಲ, ಅಲ್ವಾ?”

“ಕೇಳಿಸ್ಲಿಲ್ಲ” ಅಂದರು. ಆಮೇಲೆ ಮೆಲ್ಲಗೆ, “ಒಂದೊಂದ್ಸಲ ಕನ್ನಡೀಲಿ ನಿನ್ನ ಬಾಯಿ ಕಾಣ್ತಿತ್ತು.”

ಮಂಚದ ಎದುರಿನ ಗೋಡೆಗೆ ಅವರ ಕ್ಷೌರದ ಕನ್ನಡಿ ತೂಗುಹಾಕಿತ್ತು. ಅದು ಹತ್ತು ವರ್ಷದಿಂದ ಅಲ್ಲೇ ಇದೆ. ನಾನು ಅಮ್ಮನ ಕೋಣೆಗೆ ಓಡಿಹೋಗಿ ಅವಳ ಮಡಿಲಲ್ಲಿ ಮುಖವಿಟ್ಟು ಅತ್ತೆ. ಅಮ್ಮನಿಗೆ ಎಲ್ಲ ಗೊತ್ತಿತ್ತು. ತಮ್ಮನ ಕಿವಿ ಹೋದದ್ದು ಅವಳಿಗೆ ಎಲ್ಲರಿಗಿಂತ ಮೊದಲೇ ತಿಳಿದಿತ್ತು.

“ಅವತ್ತು ಎರಡೇ ಸಲ ಕೂಗಿದ್ದು ಕಣೇ. ಆಮೇಲೆ ಅವ್ನಿಗೆ ಕೇಳಲ್ಲ ಅಂತ ನೆಪ್ಪಾಯ್ತು, ಸುಮ್ಕಾದೆ” ಅಂದಳು. “ಈಗ ಅವ್ನಿಗೆ ಗೊತ್ತಾಗ್ಲಿ ಅಂತ್ಲೇ ಹಿಮ್ಮಡಿ ಊರಿ ನಡೀತೀನಿ. ಸೊಂಟ ನೋಯ್ತದೆ. ನೀನು ಹೇಳ್ಬೇಡ ಅವ್ನಿಗೆ.”

ಕಿವಿಗೆ ಮಿಷನ್ ಹಾಕಿಸೋಣ ಎಂದು ಬೇಡಿಕೊಂಡಿದ್ದೇನೆ. ಮಂಡಿಯವರು ನೋಡುತ್ತಾರೆಂದು ಅವರು ಇನ್ನೂ ಒಪ್ಪಿಲ್ಲ. ಕೋಣೆಯ ಬಾಗಿಲ ಹತ್ತಿರ ಎರಡು ಹಲಗೆ ನೀರು ಕುಡಿದು ಉಬ್ಬಿವೆ, ಅಂಗಡಿಯವನು ಹೇಳಿದ್ದು ಸುಳ್ಳಾಗಲಿಲ್ಲ. ಬದಲಾಯಿಸಲು ನಾನೇ ಬಿಟ್ಟಿಲ್ಲ. ಸಂಜೆ ಬಸ್ಸಿಳಿದು ಬಂದಾಗ ಈಗ ಬಾಗಿಲಲ್ಲಿ ನಿಂತು ಕೂಗುವುದಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ಮೊದಲನೇ ಹಲಗೆಯ ಮೇಲೆ ಮೂರು ಸಲ ಹಿಮ್ಮಡಿ ಊರುತ್ತೇನೆ. ಕ್ಷಮಿಸಿ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಅವರು ಪೇಪರಿನಿಂದ ತಲೆಯೆತ್ತದೆ, ಹಿಂದೆ ತಿರುಗದೆ, ಪಾದ ಎತ್ತದೆ ಕೇಳುತ್ತಾರೆ:

“ಬಂದ್ಯಾ ಮಗ? ಇವತ್ತು ಬಾಳ ಸುಸ್ತಾಗಿದ್ದೀಯ, ಕುಂತ್ಕೊ.”